ಮರುದಿನದ ಅಮಲಿನ ಪರೀಕ್ಷೆ

ಹನ್ನೆರಡು ವರ್ಷದಿಂದ ಇಳಕಲ್ಲಿನ ಚಂದವ್ವ ಒಂದೇ ಮಾತು ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದಳು: ಸಂಜೆ ಕುಡಿದ ಸಿಂದಿ ಮರುದಿನವೂ ಕೈ ಕೆಡಿಸುತ್ತದೆ. ಅವಳ ಗಂಡ, ನೇಕಾರ ಕಾಶಪ್ಪನದೂ ಒಂದೇ ಉತ್ತರ.

"ನಿನ್ನಿ ಕುಡದದ್ದು ನಿನ್ನಿಗೇ ಹೋತು. ಇವತ್ತಿನ ಕೈ ಇವತ್ತಿಂದು." (ಹೀಗೆನ್ನುವಾಗ ಆ ಕೈಯಲ್ಲಿ ಲಾಳಿ ಇರುತ್ತಿರಲಿಲ್ಲ, ಮಜ್ಜಿಗೆ ತಂಬಿಗೆ ಇರುತ್ತಿತ್ತು.)

ಗುರುವಾರ ಬಾಗಲಕೋಟೆಯಲ್ಲಿ ಮದುವೆ. ಮದುಮಗಳ ಸೀರೆ ಇನ್ನೂ ಮಗ್ಗದ ಮೇಲೆ. ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೂಡಿಸಬೇಕು. ತಪ್ಪಿದರೆ ಆ ಮನೆಯವರು ಮತ್ತೆ ಇತ್ತ ತಲೆ ಹಾಕುವುದಿಲ್ಲ.

ಅಷ್ಟರಲ್ಲಿ ಪುಣೆಯಿಂದ ಒಬ್ಬ ಡಾಕ್ಟರರು ಬಂದರು. ಕುಡಿದ ಮರುದಿನ ಮೈಯಲ್ಲಿ ಏನೇನು ಕೇಡು ಉಳಿಯುತ್ತದೆಂಬುದೇ ಅವರ ಘನಘೋರ ಸಂಶೋಧನೆ. ಚಂದವ್ವನಿಗೆ ದೇವರೇ ಟೊಪ್ಪಿಗೆ ಹಾಕಿಕೊಂಡು ಬಂದಂತಾಯಿತು.

"ನಾಳಿ ಡಾಕ್ಟರು ನೋಡಿದಾಗ ಯಾರ ಮೈಯಾಗ ಅಮಲು ಸಿಗ್ತದೋ ಅವರು ಮಗ್ಗ ಮುಟ್ಟಿ ಆಣಿ ಮಾಡಿ ಸಿಂದಿ ಬಿಡಬೇಕು. ಒಪ್ತೀರೇನ?" ಎಂದಳು, ಓಣಿಯ ಮಂದಿಯೆದುರೇ.

ಕಾಶಪ್ಪ ಒಪ್ಪಿದ. ಒಪ್ಪಿದ ಖುಷಿಗೆ ಆ ಸಂಜೆ ಗಡಿಗೆ ಖಾಲಿ ಮಾಡಿದ.

ಮರುದಿನ ಡಾಕ್ಟರರು ಮನೆಗೇ ಬಂದರು. "ಯಾರು ಕುಡದಾರ ನನಗ ಹೇಳಬ್ಯಾಡ್ರಿ, ಪ್ರಯೋಗ ಕೆಡ್ತದ. ಇಬ್ಬರನ್ನೂ ನೋಡ್ತೇನಿ."

ಹೊತ್ತು ನೆತ್ತಿಗೇರುವವರೆಗೆ ಗೊರಕೆ ಹೊಡೆದ ಕಾಶಪ್ಪ ಜಳಕ ಮಾಡಿ, ವಿಭೂತಿ ಬಳಿದು ಕೂತಿದ್ದ. ನಾಡಿ ನಿಧಾನ, ಕಣ್ಣು ಬೆಳ್ಳಗೆ. ಇಪ್ಪತ್ತು ಎಳೆ ಕೊಟ್ಟರೆ ಇಪ್ಪತ್ತನ್ನೂ ಕೂಡಿಸಿದ. (ಈ ಪುಣ್ಯಾತ್ಮನ ಕೈ ನೆಟ್ಟಗಾಗಲು ಇದೇ ದಿನ ಬೇಕಿತ್ತೆ!)

ಚಂದವ್ವನೋ, ಗಂಡನ ದಾರಿ ಕಾದು ನಿದ್ದೆಗೆಟ್ಟು, ಬೆಳಗಿನಿಂದ ಬೈದೂ ಬೈದೂ, ರೊಟ್ಟಿಯ ಚೂರೂ ಮುಟ್ಟದೆ ಕೂತಿದ್ದಳು. ಕಣ್ಣು ಕೆಂಪು, ಕೈ ಗಡಗಡ. ಕೊಟ್ಟ ಎಳೆಗಳಲ್ಲಿ ಏಳು ಹರಿದವು. ಡಾಕ್ಟರರು ಅವಳ ಕಿವಿಯ ಹತ್ತಿರ ತಾಟು ಬಡಿದು ನೋಡಿದರು.

"ಅಯ್ಯ, ತಲಿ ಒಡೀತದ! ಸಾಕು ಮಾಡ್ರಿ!"

ಡಾಕ್ಟರರು ಕನಿಕರದಿಂದ ಕೇಳಿದರು, "ಎಷ್ಟು ವರ್ಷದ ಚಟ, ತಂಗಿ?"

"ನಾ ಅಲ್ರೀ! ಇವರು!"

"ಎಲ್ಲಾರೂ ಹಂಗ ಅಂತಾರ." ಅವರು ಬರೆದುಕೊಂಡರು. "ಸಿಟ್ಟು, ಚೀರಾಟ. ಇದೂ ಒಂದು ಲಕ್ಷಣ."

ಬಾಗಿಲಲ್ಲಿ ನಿಂತಿದ್ದ ನೆರೆಮನೆಯ ಖಾಸಿಂಸಾಬ, ಈದಿಗೂ ನಗದ ಮನುಷ್ಯ, ಗೋಡೆ ಹಿಡಿದು ನಕ್ಕ.

"ಮಾತು ಅಂದ್ರ ಮಾತು," ಕಾಶಪ್ಪ ಗಂಭೀರವಾಗಿ ಹೇಳಿದ. "ನೀ ಆಣಿ ಮಾಡು, ನಾ ಈಗಿಂದೀಗ ಮಗ್ಗದ ಕುಣಿಗೆ ಇಳೀತೇನಿ. ಇಲ್ಲಂದ್ರ ಸೀರಿ ಹಂಗ ಇರ್ಲಿ."

ಚಂದವ್ವ ಗಂಡನನ್ನು ನೋಡಿದಳು, ಡಾಕ್ಟರರನ್ನು ನೋಡಿದಳು, ಅರೆಬರೆ ಸೀರೆಯನ್ನು ನೋಡಿದಳು. ಗುರುವಾರಕ್ಕೆ ಎರಡೇ ದಿನ. ಹಲ್ಲು ಕಚ್ಚಿ ಮಗ್ಗ ಮುಟ್ಟಿ, ಹುಟ್ಟಿದಾಗಿನಿಂದ ನಾಲಿಗೆಗೆ ತಾಕಿಸದ ಸಿಂದಿಯನ್ನು ಓಣಿಯ ಸಾಕ್ಷಿಯಾಗಿ ಆ ದಿನವೇ ಬಿಟ್ಟಳು.