ಮಾವನ ವೆಬ್‌ಸೈಟಿಗೆ ಜನ ಬಂದದ್ದು

ಇಂಟರ್ನೆಟ್ಟನ್ನು ಸ್ಟೀಲ್ ಲೋಟದ ಮೇಲೆ ಕೆತ್ತಿದವರು ಜಗತ್ತಿನಲ್ಲಿ ಒಬ್ಬರೇ ಇದ್ದರೆ, ಅವರು ನಮ್ಮ ಸೋದರಮಾವ! ವಿಜಯನಗರದಲ್ಲಿ ಅವರದೊಂದು ಪಾತ್ರೆ ಅಂಗಡಿಯಿತ್ತು. ಮೆಟ್ರೋ ಕೆಲಸಕ್ಕೆ ಅದು ಹೋಗುವುದು ಖಾತ್ರಿಯಾದಾಗ, ಬೇರೆ ಕಡೆ ಬಾಡಿಗೆ ಹಿಡಿಯುವ ಶಕ್ತಿಯಿಲ್ಲದೆ ನನ್ನಿಂದ ವೆಬ್‌ಸೈಟ್ ಮಾಡಿಸಿಕೊಂಡರು. ಅಂಗಡಿ ಹೋದರೂ ಗಿರಾಕಿಗಳು ತಪ್ಪಿಹೋಗಬಾರದು ಎನ್ನುವುದೊಂದೇ ಅವರ ಚಿಂತೆ.

"ಮಾವ, ಜಾಹೀರಾತು ಕೊಡ್ಬೇಕು," ಎಂದೆ.

"ಅದಕ್ಯಾಕೆ ಖರ್ಚು? ನಮ್ಮ ಹತ್ರ ಮೆಷಿನ್ ಇದೆಯಲ್ಲೋ!"

ಕೊಂಡ ಪಾತ್ರೆಗೆ ಹೆಸರು ಹಾಕಿಕೊಡುವ ಮೆಷಿನ್ ಅದು. ಅಂದಿನಿಂದ ಗಿರಾಕಿಯ ಹೆಸರಿನ ಕೆಳಗೆ ಗರ್ರ್ ಎಂದು ವೆಬ್‌ಸೈಟಿನ ವಿಳಾಸವೂ ಬೀಳತೊಡಗಿತು. ಪಾಯಸ ತುಂಬಿಸಿಕೊಂಡು ಪಕ್ಕದ ಮನೆಗೆ ಹೋಗದ ಡಬ್ಬಿ ನಮ್ಮಲ್ಲಿ ಯಾವುದಿದೆ ಹೇಳಿ? ಮಹಾಲಕ್ಷ್ಮಿ ಲೇಔಟಿನ ಮದುವೆಯೊಂದರಲ್ಲಂತೂ ಮಾವ ತಮ್ಮ ಅಕ್ಷರವಿದ್ದ ಸಾರಿನ ಬಕೆಟ್ ಕಂಡು, ಪಕ್ಕದವರಿಗೆ ಓದಿಸಲೆಂದು ಎತ್ತಿ ವಾಲಿಸಿದರು. ಪಾಪ, ಪಕ್ಕದವರಿಗೆ ಓದುವ ಸ್ಥಿತಿ ಇರಲಿಲ್ಲ, ಪಂಚೆಯೆಲ್ಲ ಸಾರು!

ಒಬ್ಬರು ವೈಕುಂಠ ಸಮಾರಾಧನೆಗೆ ಹಂಚಲು ತಾಯಿಯ ಹೆಸರು ಹಾಕಿಸಿ ಲೋಟಗಳನ್ನು ಒಯ್ದರು. ಮಾರನೆಯ ದಿನ ಕೆಂಡವಾಗಿ ಬಂದರು.

"ಏನ್ ಸಾರ್ ಇದು? ನಮ್ಮಮ್ಮ ಹೋಗಿದ್ದು ವೈಕುಂಠಕ್ಕೋ, ನಿಮ್ ವೆಬ್‌ಸೈಟಿಗೋ?"

ಮಾವ ಕೈಮುಗಿದು ಎಲ್ಲ ಲೋಟಗಳನ್ನೂ ಬದಲಿಸಿಕೊಟ್ಟರು. ಅವರು ಅತ್ತ ಹೋದದ್ದೇ ತಡ, "ಒಬ್ರಾದ್ರೂ ಓದಿದ್ರು ನೋಡಿದ್ಯಾ!" ಎಂದು ಹಿಗ್ಗಿದರು.

ಓದಿದರೇನು, ವೆಬ್‌ಸೈಟಿಗೆ ಯಾರೂ ಇಣುಕಲಿಲ್ಲ. ದಿನಾ ನನಗೆ ಫೋನು: "ಯಾರಾದ್ರೂ ಬಂದಿದ್ರೇನೋ?" ನೆಂಟರ ದಾರಿ ಕಾಯುವವರ ದನಿ ಅದು. "ಇಲ್ಲ ಮಾವ" ಎಂದು ಹೇಳಿ ಹೇಳಿ ನನಗೇ ಸಂಕಟವಾಗುತ್ತಿತ್ತು. ಅಷ್ಟರಲ್ಲಿ ಮೆಟ್ರೋದವರು ಅಂಗಡಿ ಒಡೆದರು.

ಆ ವಾರವೇ ಮೊದಲ ಸಂದೇಶ ಬರಬೇಕೇ! ಮಲ್ಲತ್ತಹಳ್ಳಿಯ ಹೆಣ್ಣುಮಗಳೊಬ್ಬಳು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದಳು. ಮಾವನಿಗೆ ಓದಿ ಹೇಳಿದೆ: "ಅಂಕಲ್, ಪಕ್ಕದ ಮನೆ ಡಬ್ಬಿ ಮೇಲೆ ಇದು ಸಿಕ್ತು. ನನ್ನ ಮದುವೆ ಪಾತ್ರೆಗೆಲ್ಲ ನೀವೇ ಹೆಸರು ಹಾಕಿದ್ರಿ. ಈಗ ಮಗಳ ಮದುವೆ. ಅವಳ ಹೆಸರೂ ನಿಮ್ಮ ಕೈಯಲ್ಲೇ ಆಗ್ಬೇಕು. ಭಾನುವಾರ ಎಲ್ರೂ ಬರ್ತೀವಿ. ಅಂಗಡಿ ಅಲ್ಲೇ ಇದೆ ತಾನೇ?"

ಮಾವ ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಕೂತುಬಿಟ್ಟರು.

"ಏನಂತ ಬರೀಲಿ ಮಾವ?"

"ಬರ್ತಾರಂತೆ ಕಣೋ," ಎಂದರು. "ಬನ್ನಿ, ಕೂತ್ಕೊಳ್ಳಿ ಅನ್ನೋಕೆ ಬಾಗಿಲೇ ಇಲ್ವಲ್ಲೋ."