ಬಾವಲಿ ಗವಿಗೆ ಹೋದ ಅಳಿಯ

ಕರೆಪ್ಪ ಒಂದು ಹಲ್ಲಿಯಿಂದಾಗಿ ಹೆಂಡತಿಯನ್ನು ಕಳೆದುಕೊಂಡವನು. ಹುಕ್ಕೇರಿಯ ಅವನ ಮನೆಯ ಜಂತಿಯಿಂದ ಹಲ್ಲಿ ಬಿದ್ದ ದಿನ ಹೆದರಿ, ಹೆಂಡತಿ ಲಗಮವ್ವನನ್ನು ದೂಡಿ ಬೀಳಿಸಿ ಅಂಗಳಕ್ಕೆ ಓಡಿದ್ದ. ಅವಳು ಎದ್ದು, ಮೈ ಕೊಡವಿಕೊಂಡು ಘೋಡಗೇರಿಯ ತವರಿಗೆ ನಡೆದಿದ್ದಳು. ಕರೆಯಲು ಹೋದ ಅಳಿಯನ ಕೈಗೆ ಮಾವ ಮಾಲಿಂಗಪ್ಪ ಬುಟ್ಟಿ ಕೊಟ್ಟ.

"ಗುಡ್ಡದ ಗವಿಯಾಗ ಬಾವಲಿ ಗೊಬ್ಬರ ಐತಿ. ಒಂದ ಬುಟ್ಟಿ ತಗೊಂಡ ಬಾ. ಆಮ್ಯಾಲ ಮಗಳನ್ನ ಕಳಸೂ ಮಾತು."

'ಅಂತೂ ಮಾವನಿಗೆ ನಾನು ಗೊಬ್ಬರದಷ್ಟಾದರೂ ಉಪಯೋಗಕ್ಕೆ ಬಂದೆ' ಎಂದುಕೊಂಡು ಕರೆಪ್ಪ ಗುಡ್ಡ ಹತ್ತಿದ.

ಹಿಂದೊಂದು ಕಾಲಕ್ಕೆ ಆ ಗುಡ್ಡದ ಕಲ್ಲು ಕಾದು ಬೆಲ್ಲದ ಪಾಕದಂತೆ ಹರಿದಿತ್ತಂತೆ. ಮೇಲಿನದು ಗಟ್ಟಿಯಾಗಿ, ಒಳಗಿನದು ಹರಿದುಹೋಗಿ, ಉಳಿದದ್ದು ಉದ್ದನೆಯ ಕರಿ ಕೊಳವೆ; ಅದೇ ಈ ಗವಿ. ಗೋಡೆಯ ಮೇಲೆ ಹರಿದ ಗೆರೆಗಳೂ ಮಾಡಿನಿಂದ ಇಳಿಬಿದ್ದ ಕಲ್ಲಿನ ಹನಿಗಳೂ ಹಾಗೆಯೇ ನಿಂತಿದ್ದವು. ನೆಲದಲ್ಲಿ ಮುಳ್ಳುಹಂದಿಯ ಮುಳ್ಳುಗಳು. ಸಂದಿಗಳಲ್ಲಿ ಬಿಸಿಲು ಕಾಣದೆ ಬಿಳಿಚಿದ, ಉದ್ದ ಮೀಸೆಯ ಮಿಡತೆಗಳು.

"ನಿಮ್ಮ ಮೀಸಿರ ಖರೇ ಮೀಸಿ ಬಿಡ್ರಿ, ನಂದು ಬರೇ ಕೂದಲಾ," ಎಂದು ಕರೆಪ್ಪ ಅವಕ್ಕೆ ಹೇಳಿ, ಧೈರ್ಯಕ್ಕೆಂದು ಕೆಮ್ಮಿದ.

ಕೆಮ್ಮಬಾರದಿತ್ತು. ಗವಿಯ ಮಾಡೇ ಕಳಚಿ ಹಾರಿದಂತೆ ಬಾವಲಿಗಳು ಎದ್ದವು. ಒಂದು ರುಮಾಲಿಗೆ ಸಿಕ್ಕಿಕೊಂಡಿತು. ಕರೆಪ್ಪ ರುಮಾಲನ್ನು ಬಾವಲಿಗೂ ಬುಟ್ಟಿಯನ್ನು ಗವಿಗೂ ಬಿಟ್ಟುಕೊಟ್ಟು ಹೊರಗೆ ಬಿದ್ದ. ಗೊಬ್ಬರದ ಘಾಟಿಗೆ ಕಣ್ಣಿಂದ ನೀರು ಸುರಿಯುತ್ತಿತ್ತು.

ಆ ಕಡೆ ಗಂಡಸು ಬರಿತಲೆಯಲ್ಲಿ ಅಳುತ್ತ ಬಂದರೆ ಅರ್ಥ ಒಂದೇ. ಮಾವನ ನೆರೆಮನೆಯ ಅಲ್ಲವ್ವ, ನೀರಿಗೆ ಹೊರಟವಳು, ಕೊಡ ಇಳಿಸಿಬಿಟ್ಟಳು.

"ಅಯ್ಯ ಯಪ್ಪಾ! ಯಾರ ಹ್ವಾದ್ರೋ?"

ಬಾವಲಿಗೆ ಹೆದರಿ ಓಡಿಬಂದೆ ಎಂದರೆ ಲಗಮವ್ವ ಈ ಜನ್ಮದಲ್ಲಿ ಬರಲಾರಳು. "ಮೂಡಲಗಿ ಬೀರಸಿದ್ದಪ್ಪ ಕಾಕಾ... ಹಾದಿಯಾಗ ಒಬ್ಬಾಂವ ಹೇಳಿದ," ಎಂದುಬಿಟ್ಟ. ಮೂಡಲಗಿ ದೂರ, ಚಕ್ಕಡಿ ಹೂಡಿಕೊಂಡು ವಿಚಾರಿಸಲು ಹೋಗುವವರು ಯಾರು?

"ಎಂಥಾ ದೇವರಂಥಾ ಮನಶ್ಯಾ!" ಎಂದು ಅಲ್ಲವ್ವ ಎದೆ ಬಡಿದುಕೊಂಡಳು. ಅವಳು ಆತನನ್ನು ಕಂಡೇ ಇರಲಿಲ್ಲ. ಓಣಿಯ ಹೆಂಗಸರೆಲ್ಲ ಕೂಡಿ ಕರೆಪ್ಪನ ರಟ್ಟೆ ಹಿಡಿದು ನಡೆಸಿದರು. ಅವರ ಅಳುವಿಗೆ ಅವನಿಗೂ ನಿಜವಾಗಿ ಅಳು ಬಂತು. ತನ್ನ ಸುಳ್ಳಿಗೆ ತಾನೇ ಅಳುವ ಮೂರ್ಖ ಈ ಸೀಮೆಗೆ ನಾನೊಬ್ಬನೇ ಎನಿಸಿತು.

ಮಾವನ ಬಾಗಿಲಲ್ಲಿ ಚಕ್ಕಡಿ ಹೂಡಿ ನಿಂತಿತ್ತು. ಹೊಸ ಸೀರೆ ಉಟ್ಟು, ಗಂಟು ಮಡಿಲಲ್ಲಿಟ್ಟುಕೊಂಡು ಲಗಮವ್ವ ಅದರಲ್ಲಿ ಕುಳಿತಿದ್ದಳು. ಕರೆಪ್ಪನಿಗೆ ಜೀವ ಬಂದಂತಾಯಿತು.

"ಗೊಬ್ಬರ ಹಾಳಾಗಿ ಹೋಗಲಿ," ಎಂದ ಮಾಲಿಂಗಪ್ಪ. "ನಿಮ್ಮ ಹಿರ್‍ಯಾರು ಬಂದು ಕೈಮುಗದು ಕೇಳಿದ್ರು. ಅವರ ಮಾತಿಗೆ ಮಗಳನ್ನ ಕಳಸಾಕತ್ತೇನಿ. ಅಲ್ಲಾ, ಯಾಕ ಅಳಾಕತ್ತಿ?"

ಕರೆಪ್ಪ ಬಾಯಿ ತೆರೆಯುವ ಮೊದಲೇ ಅಲ್ಲವ್ವ ಕೂಗಿದಳು: "ಇವನ ಕಾಕಾ ಬೀರಸಿದ್ದಪ್ಪ ತೀರಿಕೊಂಡಾರ್ರೀ!"

ಒಳಗೆ ಊಟಕ್ಕೆ ಕುಳಿತಿದ್ದ ಹಿರಿಯರು ಕೈಯಲ್ಲಿ ರೊಟ್ಟಿ ಹಿಡಿದೇ ಹೊರಗೆ ಬಂದರು. ಬೀರಸಿದ್ದಪ್ಪ ಕಾಕಾ!

 ಮಾಲಿಂಗಪ್ಪ ಕಾಕಾನತ್ತ ತಿರುಗಿ ಕೇಳಿದ: "ಬೀಗರ, ಈಗ ಏನ ಮಾಡೂಣ್ರಿ?"

ಕಾಕಾ ಕರೆಪ್ಪನ ಬರಿತಲೆಯನ್ನೊಮ್ಮೆ ನೋಡಿ ಒಳಗೆ ತಿರುಗಿದರು.

"ಸತ್ತಾಂವನ ಮಾತು ಕೇಳಿ ಯಾರರ ಮಗಳನ್ನ ಕಳಸ್ತಾರೇನ್ರಿ? ಎತ್ತು ಬಿಚ್ಚಸ್ರಿ."