ಕೆಂಪು ಕುತ್ತಿಗೆಯ ಕಡಲಹಕ್ಕಿ

ನನ್ನಂಥ ಚುರುಕು ಕಣ್ಣಿನವನಿಗೆ ನಗೆಪಾಟಲು ತಪ್ಪಿದ್ದಲ್ಲ. ಏನೂ ಕಾಣದವನಿಗೆ ಆ ಕಾಟವೇ ಇಲ್ಲ ನೋಡ್ರಿ.

ಹಗರಿಬೊಮ್ಮನಹಳ್ಳಿ ಕಡೆಯ ಜಲಾಶಯಕ್ಕೆ ಹಕ್ಕಿ ನೋಡಲು ಬರುವವರಿಗೆ ಒಬ್ಬ ಗೈಡ್ ಬೇಕಾಗಿತ್ತು. ತಾಲೂಕಿನಲ್ಲಿ ನನ್ನ ಬಿಟ್ಟರೆ ಇನ್ಯಾರು? ಅಪ್ಪ ಮಾತ್ರ, “ಈ ಚಳಿಗಾಲದಾಗ ಕೆಲಸ ಸಿಕ್ರ ಸಿಕ್ತು. ಇಲ್ಲಂದ್ರ ದುರ್ಬೀನು ಪೆಟ್ಟಿಗ್ಯಾಗ, ನೀನು ಕುರಿ ಹಿಂದ” ಎಂದಿದ್ದ.

೧. ಪರೀಕ್ಷೆ

“ಹಕ್ಕಿ ಹೆಂಗ ಗುರ್ತಿಸ್ತೀಯಪ್ಪ?” ಎಂದರು ಗೈಡ್ ಆರಿಸಲು ಬಂದಿದ್ದ ಅರಣ್ಯ ಇಲಾಖೆಯ ಸಾಹೇಬರು.

“ಸಾವಿರ ಕುರಿಯಾಗ ನಮ್ಮ ಕುರಿ ಒಂದು ಮೈಲಿಯಿಂದ ಹೇಳ್ತೀನ್ರಿ. ಕುತ್ತಿಗಿ ಮ್ಯಾಲೆ ಕೆಂಪು ಬಣ್ಣ, ನಮ್ಮ ಮನಿ ಗುರ್ತು.”

“ಕುರಿ ಹಾರಂಗಿಲ್ಲಲ್ಲೋ?”

“ನಮ್ಮ ಕುರಿ ನೀವಿನ್ನೂ ನೋಡಿಲ್ರಿ!”

ಸಾಹೇಬರು ನಗಲಿಲ್ಲ. “ಅಪರೂಪದ್ದು ಒಂದು ಹಕ್ಕಿ ತೋರಿಸು, ಆಮ್ಯಾಲೆ ನೋಡೋಣ” ಎಂದರು.

೨. ನಿದ್ದೆ

ಮೋಡ ಕವಿದಿತ್ತು. ನೀರು ಇಳಿದು ಕೆಸರು ಬಾಯಿಬಿಟ್ಟಿತ್ತು. ನಡುನೀರಿನಲ್ಲಿ ಬೆಳ್ಳಗೆ, ಚಳಿಗಾಲಕ್ಕೆಂದು ಇಲ್ಲಿಗೆ ವಲಸೆ ಬರುವ ಕಡಲಹಕ್ಕಿ ಒಂದು, ಒಂಟಿ, ಅಲುಗಾಟವಿಲ್ಲ. ಎರಡು ತಾಸು ಅದನ್ನೇ ನೋಡುತ್ತ ಕೂತೆ. ಬಲೆ ಎಳೆಯಲು ಬಂದ ಮೀನುಗಾರನಿಗೆ, “ಸದ್ದು ಮಾಡಬ್ಯಾಡಣ್ಣ, ನಿದ್ದಿ ಮಾಡಾಕತ್ತೈತಿ” ಎಂದೆ.

“ಮಾಡ್ಲಿ ಬಿಡು ತಮ್ಮಾ. ನಮ್ಮ ಬಲಿಗೆ ಕಟ್ಟಿದ ಥರ್ಮಾಕೋಲ್ ಅದು. ಮೂರು ವರ್ಷದಿಂದ ಎದ್ದೇ ಇಲ್ಲ.”

ಅವತ್ತು ಮನೆಗೆ ಹೋಗಿ ಉಣ್ಣದೆ ಮಲಗಿದೆ.

೩. ಪುಸ್ತಕದಲ್ಲಿಲ್ಲದ್ದು

ಚಳಿಗಾಲ ಮುಗಿಯುತ್ತ ಬಂತು. ಕಡಲಹಕ್ಕಿಗಳ ಹಿಂಡು ಒಂದು ದಿನ ಎದ್ದು ಹೋಗಿಯೇಬಿಟ್ಟಿತು. ಅಪ್ಪ ದುರ್ಬೀನು ಹಾಕಿಡಲು ಪೆಟ್ಟಿಗೆ ತೆಗೆದಿಟ್ಟ. ಆಗಲೇ ಕಂಡಿತು ನೋಡ್ರಿ: ಹಿಂದುಳಿದ ಒಂದೇ ಒಂದು ಹಕ್ಕಿ, ಮೈಯೆಲ್ಲ ಬಿಳಿ-ಬೂದಿ, ಕುತ್ತಿಗೆಯ ಹಿಂದೆ ಅಚ್ಚಗೆಂಪು ಪಟ್ಟಿ! ಫೋಟೋ ಕಳಿಸಿದೆ. ಮರುದಿನವೇ ಸಾಹೇಬರು ಬಂದರು, ಜೊತೆಗೆ ದಪ್ಪ ಪುಸ್ತಕ ಹಿಡಿದ ನಾಲ್ವರು. ಪುಟ ತಿರುವಿದ್ದೇ ತಿರುವಿದ್ದು.

“ಇಂಥದ್ದು ಯಾವ ಪುಸ್ತಕದಾಗೂ ಇಲ್ಲ” ಎಂದರು ಒಬ್ಬರು. ನಾನು ಎದೆ ಉಬ್ಬಿಸಿ, “ಇದಕ್ಕ ನನ್ನ ಹೆಸರೇ ಇಡ್ರಿ” ಎಂದೆ. ಸಾಹೇಬರು ಮೊದಲ ಸಲ ನನ್ನ ಬೆನ್ನು ತಟ್ಟಿದರು.

ಅಷ್ಟರಲ್ಲಿ ನಮ್ಮ ಕುರಿ ಹೊಡೆದುಕೊಂಡು ನಮ್ಮಜ್ಜ ಬಂದ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ.

“ಇನ್ನೂ ಇಲ್ಲೇ ಐತೇನು ಇದು? ಬಲಿಗೆ ಸಿಕ್ಕು ರೆಕ್ಕಿ ಹರ್ಕೊಂಡಿತ್ರಿ. ದೊಡ್ಡಿಯಾಗ ಬುಟ್ಟಿ ಮುಚ್ಚಿ ಎರಡು ದಿನ ಮೀನು ಹಾಕಿದೆ. ಬಿಡೋ ಮುಂದ ನಮ್ಮ ಬಣ್ಣ ಹಚ್ಚೀನಿ. ತಪ್ಪಿಸ್ಕೊಂಡ್ರ ಯಾರರ ಗುರ್ತು ಹಿಡಿದು ತಂದು ಕೊಡ್ಲಿ ಅಂತ. ಪಾಪ, ಹಿಂಡು ಹೋತು, ಇದಕ್ಕ ಹಾರಾಕ ಆಗಲಿಲ್ಲ.”

ನಾಲ್ಕೂ ಪುಸ್ತಕ ಒಟ್ಟಿಗೇ ಮುಚ್ಚಿದವು. ಸಾಹೇಬರು ಒಮ್ಮೆ ನಮ್ಮ ಕುರಿಗಳ ಕುತ್ತಿಗೆ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು.

“ಅಜ್ಜಾರ, ಗೈಡ್ ಕೆಲಸಕ್ಕ ನೀವೇ ಬರ್ರಿ.”

“ನನಗ ಕುರಿ ಅದಾವ್ರಿ. ಈ ಹುಡುಗನ್ನ ತಗೊಳ್ರಿ,” ಅಂದ ಅಜ್ಜ. “ದಾರಿ ತಪ್ತಾನ ಅಂತ ಹೆದರಬ್ಯಾಡ್ರಿ. ಇವನ ಕುತ್ತಿಗಿಗೂ ಬಣ್ಣ ಹಚ್ಚಿ ಕಳಿಸ್ತೀನಿ.”